ಅತ್ತೆಯ ಹುಬ್ಬು

ಎಪ್ಪತ್ತು ದಾಟಿದ ಅತ್ತೆ ಹುಬ್ಬು ಮಾಡಿಸಿಕೊಳ್ಳಲು ಪಾರ್ಲರಿನ ಕುರ್ಚಿಯಲ್ಲಿ ಕೂತರೆಂಬುದು ಆ ಮನೆಯ ಮಟ್ಟಿಗೆ ಸರ್ಕಾರ ಉರುಳಿದಷ್ಟೇ ಗಂಭೀರವಾದ ಸಂಗತಿ. ಅವರ ಹುಬ್ಬಿಗೆ ಹುಟ್ಟಿದಾಗಿನಿಂದ ಯಾರೂ ಕೈಹಚ್ಚಿರಲಿಲ್ಲ. ಸೊಸೆ ಮನೆಯ ಮುಂಗೋಣೆಯಲ್ಲೇ ಪಾರ್ಲರ್ ಇಟ್ಟು ಎಷ್ಟೋ ವರ್ಷವಾಗಿತ್ತು. ಅತ್ತೆ ಮಾತ್ರ ಬಾಗಿಲಲ್ಲಿ ನಿಂತು, "ಇರೋ ಕೂದಲು ಕೀಳಿಸ್ಕೊಳ್ಳೋಕೂ ಸಾಲು ನಿಲ್ತಾರಲ್ಲ!" ಎಂದು ಗಿರಾಕಿಗಳಿಗೆ ಕೇಳುವ ಹಾಗೆ ಹೇಳುವವರು.

"ಏನ್ ನೋಡ್ತಾ ನಿಂತೆ? ಕೀಳು," ಎಂದರು ಈಗ, ಹಲ್ಲು ಕೀಳಿಸಿಕೊಳ್ಳುವವರಂತೆ ಕುರ್ಚಿಯ ಕೈ ಭದ್ರವಾಗಿ ಹಿಡಿದು.

ಇದಕ್ಕೆಲ್ಲ ಕಾರಣ ಸೊಸೆಯ ಎಡಗಣ್ಣು. ಮೊದಲು ಕೆಂಪಾಯಿತು, ಆಮೇಲೆ ಬೆಳಕು ಕಂಡರೆ ಚುಚ್ಚತೊಡಗಿತು. ಯಾರದ್ದೋ ಕೂದಲು ಬಿದ್ದಿರಬೇಕೆಂದು ಅವಳು ನೀರು ಎರಚಿಕೊಂಡಳು. ಅಂಟುವ ಕಣ್ಣುಬೇನೆ ಇರಬೇಕೆಂದು ಗಿರಾಕಿಗಳು ಬೀದಿಯ ಆಚೆ ಬದಿ ಹಿಡಿದರು. ಕಣ್ಣಿನ ಡಾಕ್ಟರು ದೀಪ ಹಾಯಿಸಿ ನೋಡಿ, ಊತ ಇರುವುದು ಕಣ್ಣಿನ ಒಳಗೆ, ತಂದದ್ದು ವೈರಸ್ಸು ಎಂದರು. ಅವಳು ಚಿಕ್ಕವಳಿದ್ದಾಗ ತುಟಿಯಂಚಿಗೆ ಗುಳ್ಳೆ ಎಬ್ಬಿಸಿದ್ದ ಅದೇ ವೈರಸ್ಸು. ಆಮೇಲೆ ಎಲ್ಲೂ ಹೋಗಿರಲಿಲ್ಲ, ನರದೊಳಗೆ ಮಲಗಿತ್ತು.

"ಇಷ್ಟು ವರ್ಷ ಬಾಡಿಗೆ ಕೊಡದೆ ಕೂತಿತ್ತಾ?" ಎಂದರು ಜೊತೆಗೆ ಹೋಗಿದ್ದ ಅತ್ತೆ.

ಡಾಕ್ಟರು ನಗಲಿಲ್ಲ. ಔಷಧ ನಡುವೆ ಬಿಟ್ಟರೆ ದೃಷ್ಟಿಯೇ ಹೋಗಬಹುದು ಎಂದರು.

ಮಾತ್ರೆಯ ಜೊತೆ ಎರಡು ಥರದ ಹನಿ. ಅದರಲ್ಲೊಂದು, ಕಣ್ಣಿನ ಪಾಪೆ ಅಗಲಿಸಿ ಹತ್ತಿರದ್ದನ್ನೆಲ್ಲ ಮಸುಕು ಮಾಡುವಂಥದ್ದು. ಹುಬ್ಬಿನ ಕೆಲಸದವಳಿಗೆ ಹತ್ತಿರದ ನೋಟವೇ ಅನ್ನ. ಕೆಂಪು ಇಳಿದದ್ದೇ ತಡ, ಯಾರಿಗೂ ಹೇಳದೆ ಹನಿ ನಿಲ್ಲಿಸಿ ಪಾರ್ಲರ್ ತೆಗೆದಳು. ವಾರದೊಳಗೆ ನೋವು ಮೊದಲಿಗಿಂತ ಜೋರಾಗಿ ಮರಳಿತು.

ಅತ್ತೆ ಬೈಯಲಿಲ್ಲ, ಮನೆಯವರಿಗೆ ನಿಜವಾಗಿ ಭಯವಾದದ್ದು ಆಗಲೇ. ಬಾಟಲಿಗಳನ್ನು ತಮ್ಮ ದಿಂಬಿನ ಪಕ್ಕಕ್ಕೆ ಒಯ್ದರು. ಹೊತ್ತುಹೊತ್ತಿಗೆ ಸೊಸೆಯ ತಲೆಯನ್ನು ತೊಡೆಯ ಮೇಲೆ ಕೆಡವಿಕೊಂಡು, "ಅಲ್ಲಾಡಿದ್ರೆ ಮೂಗಿಗೆ ಬಿಡ್ತೀನಿ ನೋಡು," ಎಂದು ಹನಿ ಹಾಕಿದರು. ಕೆಲವು ಸಲ ಮೂಗಿಗೆ ಬಿಟ್ಟೂ ಬಿಟ್ಟರು.

ಕೊನೆಗೆ ಡಾಕ್ಟರು ಹನಿಗಳನ್ನು ನಿಧಾನವಾಗಿ ಕಡಿಮೆ ಮಾಡುತ್ತಾ ಬಂದು, ಇನ್ನು ಕೆಲಸ ಮಾಡಬಹುದು ಎಂದರು. ಸೊಸೆ ಹುಬ್ಬು ತೆಗೆಯುವ ದಾರ ಮುಟ್ಟಲಿಲ್ಲ.

"ಕೈ ಬರಲ್ಲ ಅತ್ತೆ. ಈ ಕಣ್ಣಿಗೆ ಸರಿಯಾಗಿ ಕಾಣ್ದೆ ಯಾರದಾದ್ರೂ ಮುಖ ಕೆಡಿಸಿಬಿಟ್ರೆ?"

"ನಂದು ಕೆಡಿಸು. ನನ್ನನ್ನೇನು ಗಂಡಿನ ಕಡೆಯವರು ನೋಡೋಕೆ ಬರ್ತಿದ್ದಾರಾ?"

ಹಾಗೆ ಕೂತದ್ದು.

ಸೊಸೆ ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿ ಬಾಗಿದಳು. ಮೊದಲ ಎಳೆತಕ್ಕೇ ಅತ್ತೆ, "ಅಯ್ಯಯ್ಯೋ! ಇದನ್ನ ನಗ್ತಾ ಮಾಡಿಸ್ಕೋತಾರಾ ಆ ಹೆಂಗಸರು?" ಎಂದರು. ಮುಗಿಯುವ ತನಕ ಅವರ ಕಣ್ಣಲ್ಲಿ ನೀರು. ಬಾಯಿ ಮಾತ್ರ "ನಿಲ್ಲಿಸ್ಬೇಡ" ಎನ್ನುತ್ತಿತ್ತು.

ಸೊಸೆ ಕನ್ನಡಿ ಹಿಡಿದಳು.

"ಚೆನ್ನಾಗಿದೆ. ಬಹಳ ಚೆನ್ನಾಗಿದೆ."

"ಅತ್ತೆ, ನೀವು ಕನ್ನಡಕಾನೇ ಹಾಕ್ಕೊಂಡಿಲ್ಲ."

"ಹಾಕ್ಕೊಂಡ್ರೆ ಹುಬ್ಬು ಮುಚ್ಚಿಹೋಗುತ್ತಲ್ಲ!"

ಸೊಸೆ ನಗಲಿಲ್ಲ. ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಅತ್ತೆಯ ಮುಖಕ್ಕೆ ಮುಖ ತಂದಳು. ಎಡಗಣ್ಣು ಒಂದು ಹುಬ್ಬಿನ ಉದ್ದಕ್ಕೂ ಹೋಯಿತು, ಇನ್ನೊಂದರ ಕೆಳಗೆ ನಿಂತಿತು. ಅಲ್ಲೊಂದು ಬಿಳಿಕೂದಲು ಉಳಿದುಹೋಗಿತ್ತು.

ಅದನ್ನೂ ಕಿತ್ತಳು.