ನಾಲ್ಕು ಸಾಲಿನ ಜಾಗ

ಕಾಲರಿನ ಗುಂಡಿಯನ್ನೂ ಬಿಡದೆ ಹಾಕಿಕೊಂಡಿದ್ದಾನೆ ಅಪ್ಪ, ಈ ಸೆಕೆಯಲ್ಲಿ, ಗಂಟಲ ಗಂಟು ಆ ಬಿಗಿಯೊಳಗೇ ಮೇಲೆ ಕೆಳಗೆ ಆಡುತ್ತಿದೆ, ಯಾರಾದರೂ ಹೇಳಬಾರದೇ ಒಂದು ಗುಂಡಿ ಸಡಿಲ ಮಾಡಿಕೊಳ್ಳಿ ಅಂತ, ನಾನಂತೂ ಹೇಳುವಂತಿಲ್ಲ, ನನ್ನ ಮೇಜಿಗೂ ಕಟಕಟೆಗೂ ನಡುವೆ ಏಳು ಹೆಜ್ಜೆ, ಆ ಏಳು ಹೆಜ್ಜೆಯ ಈಚೆ ನಾನು ಮಗಳಲ್ಲ, ಬೀಗ ರಿಪೇರಿಯವನ ಪರ ವಕೀಲೆ, ಆಚೆ ನಿಂತಿರುವುದು ಅಪ್ಪ ಅಲ್ಲ, ಆರೋಪಿಯ ಪರವಾಗಿ ಎರಡನೇ ಸಾಕ್ಷಿ, ಮೂವತ್ತೊಂದು ವರ್ಷ ಪೊಲೀಸ್ ಠಾಣೆಗಳ ದಿನಚರಿ ಬರೆದು ನಿವೃತ್ತನಾದ ರೈಟರು — ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ, ಎಷ್ಟು ಸಲೀಸಾಗಿ ಅಂದುಬಿಟ್ಟ, ಸಾವಿರ ಸಲ ಬೇರೆಯವರ ಬಾಯಲ್ಲಿ ಕೇಳಿದ ಮಾತಲ್ಲವೇ ಅದು. ಆರೋಪಿಯನ್ನು ಹಿಡಿದ ಠಾಣೆಯಲ್ಲಿ ತಾವು ಎಷ್ಟು ವರ್ಷ ಇದ್ದಿರಿ, ಕೇಳುತ್ತಿರುವುದು ನನ್ನದೇ ದನಿ, ಹುಟ್ಟಿದಾಗಿನಿಂದ ನೀನು ಅಂದ ಬಾಯಿಗೆ ಈ ತಾವು ಬಿಸಿ ಮುದ್ದೆಯಂತೆ ಅಂಟಿಕೊಳ್ಳುತ್ತದೆ, ಹದಿನೇಳು ವರ್ಷ ಮೇಡಂ, ಮೇಡಂ! ನನ್ನ ಕಿವಿ ಹಿಂಡಿ ಮಗ್ಗಿ ಹೇಳಿಸಿದವನು ಮೇಡಂ ಅನ್ನುತ್ತಿದ್ದಾನೆ, ಟೈಪಿಸ್ಟ್ ಹೆಂಗಸು ತುಟಿ ಕಚ್ಚಿ ನಗು ನುಂಗಿದಳು, ನಗಲಿ ಪಾಪ, ಈ ಕೋಣೆಯಲ್ಲಿ ನಗುವುದಕ್ಕೆ ಇರುವುದು ಇನ್ನು ಐದೇ ನಿಮಿಷ.

ನನ್ನ ಬೆನ್ನ ಹಿಂದೆ ಬೆಂಚು ಕಿರ್ರೆಂದಿತು, ನನ್ನ ಕಕ್ಷಿದಾರ ಕೀಲಿಯಣ್ಣನ ಹೆಂಡತಿ, ಮೂರು ದಿನ ಆ ಠಾಣೆಯ ಗೇಟಿನ ಮುಂದೆ ನಿಂತವಳು, ಅಕ್ಕಾ ನಾನು ಮಂಗಳವಾರ ಹೋದೆ, ಬುಧವಾರ ಹೋದೆ, ಗುರುವಾರಾನೂ ಹೋದೆ, ಒಳಗಡೆಯಿಂದ ನಮ್ಮವರು ಕೆಮ್ಮಿದ್ದು ಕೇಳಿಸ್ತು, ಗಂಡನ ಕೆಮ್ಮು ಹೆಂಡತಿಗೆ ಗೊತ್ತಾಗಲ್ವಾ, ಗೊತ್ತಾಗುತ್ತದೆ ತಾಯಿ, ಆದರೆ ಕೆಮ್ಮನ್ನು ಕೋರ್ಟಿಗೆ ಹಾಜರುಪಡಿಸುವುದು ಹೇಗೆ. ಕೀಲಿಯಣ್ಣ ಅಂತ ಹೆಸರಿಟ್ಟವಳು ನಾನೇ, ಬ್ಯಾಂಕಿನ ಮೆಟ್ಟಿಲ ಕೆಳಗೆ ಒಂದು ಮರದ ಪೆಟ್ಟಿಗೆ, ಒಂದು ಅರ, ಒಂದು ಚಿಮಟ, ನೂರು ಕೀಲಿಗಳ ಗೊಂಚಲು, ನನ್ನ ಆಫೀಸಿನ ಬಾಗಿಲು ನನ್ನನ್ನೇ ಹೊರಗಿಟ್ಟು ಮುಚ್ಚಿಕೊಂಡ ದಿನ ಬಂದು ಒಂದು ತಂತಿ ತೂರಿಸಿ ನಲವತ್ತು ಎಣಿಸುವುದರೊಳಗೆ ತೆಗೆದ, ಅಕ್ಕಾ ಇದು ಬೀಗ ಅಲ್ಲ, ಸುಮ್ನೆ ಬಂದೋರನ್ನ ಹೆದರಿಸೋಕೆ ಇಟ್ಟಿರೋದು ಅಂದ. ಆ ತಂತಿಯೇ ಈಗ ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಧೀಶರ ಮೇಜಿನ ಮೇಲಿದೆ, ಬೀಗ ತೆಗೆಯುವ ಸಾಮಾನನ್ನು ತೃಪ್ತಿಕರ ಕಾರಣವಿಲ್ಲದೆ ಇಟ್ಟುಕೊಂಡ ಯಾರನ್ನೇ ಆಗಲಿ ವಾರಂಟ್ ಇಲ್ಲದೆ ಹಿಡಿಯಬಹುದು ಎನ್ನುತ್ತದೆ ಕಾನೂನು, ತೃಪ್ತಿ ಯಾರಿಗೆ ಆಗಬೇಕು ಎಂದರೆ ಹಿಡಿದವರಿಗೇ, ಕೀಲಿ ಮಾಡೋನ ಚೀಲದಲ್ಲಿ ಕೀಲಿ ಸಾಮಾನು ಇರದೆ ತರಕಾರಿ ಇರುತ್ತಾ ಸಾರ್ ಅಂದನಂತೆ, ಆ ಮಾತಿಗೇ ಮೊದಲ ಏಟು ಬಿತ್ತಂತೆ. ಈ ಕಾನೂನನ್ನೇ ರದ್ದು ಮಾಡಿ ಎಂದು ನಾನು ಮೇಲಿನ ಕೋರ್ಟಿಗೆ ಹಾಕಿದ ಅರ್ಜಿ ಎರಡು ವರ್ಷದಿಂದ ಅಲ್ಲಿ ಕಾಲು ಚಾಚಿ ಮಲಗಿದೆ, ಅದು ಏಳುವ ತನಕ ಈ ಮನುಷ್ಯ ಒಳಗೆ ಕೊಳೆಯಬೇಕೇ, ಮಾಡದ ಏಳು ಕಳ್ಳತನ ಒಪ್ಪಿಕೊಂಡು ಸಹಿ ಹಾಕಿದ್ದಾನೆ, ಎಡಗೈಯಲ್ಲಿ, ಯಾಕೆಂದರೆ ಬಲ ಮಣಿಕಟ್ಟು ಮುರಿದಿತ್ತು. ದಿನಚರಿ ಏನು ಹೇಳುತ್ತದೆ, ಮಂಗಳವಾರ ವಿಚಾರಣೆಗೆ ಕರೆದೆವು, ಅಂದೇ ಸಂಜೆ ಬಿಟ್ಟು ಕಳಿಸಿದೆವು, ಗುರುವಾರ ಮತ್ತೆ ಹಿಡಿದೆವು, ಓಡುವಾಗ ಬಿದ್ದ. ಮಂಗಳವಾರ ಬಿಟ್ಟೇ ಇರಲಿಲ್ಲ ಎಂದು ಸಾಬೀತಾದರೆ ಮೂರು ದಿನ ಅಕ್ರಮವಾಗಿ ಕೂಡಿಹಾಕಿದ್ದು ಸಾಬೀತಾಗುತ್ತದೆ, ಆ ಒಪ್ಪಿಗೆ ಕಸದ ಬುಟ್ಟಿಗೆ, ಕೀಲಿಯಣ್ಣ ಮನೆಗೆ. ಸಾಬೀತಾಗದಿದ್ದರೆ ಏಳು ವರ್ಷ. ಎಲ್ಲವೂ ನಿಂತಿರುವುದು ಆ ಮಂಗಳವಾರದ ಒಂದು ಬರಹದ ಮೇಲೆ, ಮತ್ತು ಅದನ್ನು ಸುಳ್ಳೆಂದು ಕಂಡುಹಿಡಿದವಳು ನಾನಲ್ಲ, ನನ್ನ ಜಾಣತನಕ್ಕೆ ಅದು ಹೊಳೆದಿರಲಿಲ್ಲ —

ಊಟದ ಮೇಜು, ಭಾನುವಾರ ಮಧ್ಯಾಹ್ನ, ನಾನು ಆ ಪುಟದ ನಕಲನ್ನು ನೀರಿನ ಲೋಟದ ಪಕ್ಕ ಇಟ್ಟುಕೊಂಡು ನೋಡುತ್ತ ಕೂತಿದ್ದೆ, ಅಪ್ಪ ಕೈ ತೊಳೆದು ಬಂದವನು ನನ್ನ ಭುಜದ ಮೇಲಿಂದ ಬಗ್ಗಿದ, ಕನ್ನಡಕ ಹಣೆಯಿಂದ ಇಳಿಸಿದ, ಆಮೇಲೆ ನಕ್ಕ, ಸುಮ್ಮನೆ ಅಲ್ಲ, ಮೂಗಿನಲ್ಲಿ ತಾತ್ಸಾರವಾಗಿ, ಹಳೇ ಮೇಸ್ತ್ರಿ ಹೊಸ ಹುಡುಗರು ಕಟ್ಟಿದ ಗೋಡೆ ನೋಡಿ ನಗುತ್ತಾನಲ್ಲ ಹಾಗೆ, ಏನ್ ದರಿದ್ರ ಕೆಲಸ ಇದು, ನಾಲ್ಕು ಸಾಲಿನ ಜಾಗದಲ್ಲಿ ಆರು ಸಾಲು ತುರುಕಿದ್ದಾನೆ, ಅಕ್ಷರ ಎಲ್ಲ ಬಸ್ಸಲ್ಲಿ ನಿಂತೋರ ಥರ ಒಬ್ಬರ ಮೇಲೊಬ್ಬರು, ನಾಲ್ಕಕ್ಕೆ ಎಷ್ಟು ಹಿಡಿಯುತ್ತೋ ಅಷ್ಟೇ ಬರೀಬೇಕು ಅಂತ ಬಡ್ಕೊಂಡು ಹೇಳಿಕೊಟ್ಟಿದ್ದೆ ಈ ನನ್ಮಗನಿಗೆ. ಅಷ್ಟೇ. ಆಮೇಲೆ ನಿಂತುಬಿಟ್ಟ. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ಉಜ್ಜುವ ಸದ್ದೂ ನಿಂತಿತು. ಯಾವ ನಾಲ್ಕು ಸಾಲು ಅಪ್ಪ. ಯಾವುದೂ ಇಲ್ಲ. ಏನು ಹೇಳಿಕೊಟ್ಟಿದ್ದೆ. ಕನ್ನಡಕ ಮತ್ತೆ ಹಣೆಗೆ ಏರಿತು, ಹೋಗಿ ಮಲಗಿದ, ಮಧ್ಯಾಹ್ನ ಎಂದೂ ಮಲಗದವನು. ಮೂರು ದಿನ ನನ್ನೊಡನೆ ಮಾತಿಲ್ಲ, ನಾಲ್ಕನೇ ದಿನ ನಾನು ಚಪ್ಪಲಿ ಹಾಕಿಕೊಳ್ಳುವಾಗ — ಅಲ್ಲ, ಷೂ, ಕೋರ್ಟಿಗೆ ಷೂ — ಬಾಗಿಲಿಗೆ ಬಂದು ನಿಂತು, ಪ್ರತಿ ಪುಟದಲ್ಲೂ ನಾಲ್ಕು ಸಾಲು ಖಾಲಿ ಬಿಡ್ತಿದ್ವಿ, ಸಾಹೇಬರಿಗೆ ಆಮೇಲೆ ಏನಾದರೂ ಸೇರಿಸೋಕೆ ಬೇಕಾಗುತ್ತೆ ಅಂತ, ಅದು ರೂಢಿ, ಕೋರ್ಟಿಗೆ ಬಂದು ಹೇಳ್ತೀನಿ, ಅಷ್ಟು ಮಾತ್ರ, ಆಮೇಲಿನದು ನೀನು ಕೇಳಬೇಡ. ನಾನು ಕೇಳಲ್ಲ ಅಪ್ಪ, ಸರ್ಕಾರಿ ವಕೀಲರು ಕೇಳ್ತಾರೆ, ಕೇಳಿದರೆ ಈ ಪ್ರಶ್ನೆಗೆ ಉತ್ತರ ಕೊಡಲು ನನಗೆ ಇಷ್ಟವಿಲ್ಲ ಅನ್ನು, ನಮ್ಮ ಮೇಲೇ ತಪ್ಪು ಬರೋ ಪ್ರಶ್ನೆಗೆ ಉತ್ತರಿಸಬೇಕಾಗಿಲ್ಲ, ಕಾನೂನೇ ಇದೆ. ಅಮ್ಮ ಒಳಗಿಂದ, ಊರಿನಲ್ಲಿ ಇಷ್ಟು ಜನ ಇದ್ದಾರೆ, ನಿನ್ನ ಕೇಸಿಗೆ ನನ್ನ ಗಂಡನೇ ಬೇಕಿತ್ತೇನೇ? ಉತ್ತರ ಕೊಡಲು ನನಗೆ ಇಷ್ಟವಿರಲಿಲ್ಲ. ಆ ವಾಕ್ಯವನ್ನು ಅಪ್ಪನ ಬಾಯಲ್ಲಿ ಹತ್ತು ಸಲ ಹೇಳಿಸಿದೆ, ಹನ್ನೊಂದನೇ ಸಲಕ್ಕೆ, ಸಾಕು ಮಾರಾಯ್ತಿ, ನಾನೇನು ಒಂದನೇ ಕ್ಲಾಸಾ, ಅಂದ.

ಈಗ ನ್ಯಾಯಾಧೀಶರು ಒಂದು ಬಿಳಿ ಹಾಳೆ ಕೊಡಿಸಿದ್ದಾರೆ, ಹೇಗೆ ಬಿಡುತ್ತಿದ್ದಿರಿ, ಬರೆದು ತೋರಿಸಿ, ಅಪ್ಪ ಪೆನ್ನು ಹಿಡಿದ, ನೋಡಬಾರದು, ನೋಡುತ್ತಿದ್ದೇನೆ, ಮೊದಲು ಅಂಚು ಮಡಿಚಿದ, ಉಗುರಿನಿಂದ ಒಂದು ಗೀಟು, ವೇಳೆ ಎಂಟೂ ಮೂವತ್ತು, ಗಸ್ತಿನವರು ಹಾಜರು, ನನ್ನ ಶಾಲೆಯ ಅರ್ಜಿಗಳನ್ನೆಲ್ಲ ಬರೆದ ಆ ದುಂಡನೆಯ ಅಕ್ಷರ, ಆಮೇಲೆ ಕೈ ತಾನೇ ಮೇಲೆದ್ದು ಸರಿಯಾಗಿ ನಾಲ್ಕು ಸಾಲು ದಾಟಿ ಇಳಿಯಿತು, ಎಣಿಸಲೂ ಇಲ್ಲ, ಕತ್ತಲಲ್ಲಿ ಮನೆಯ ಸ್ವಿಚ್ಚಿಗೆ ಹೋಗುವ ಕೈಯಂತೆ, ವೇಳೆ ಒಂಬತ್ತೂ ಹದಿನೈದು, ಪಹರೆ ಬದಲಾಯಿತು. ನ್ಯಾಯಾಧೀಶರು ಆ ಹಾಳೆಯನ್ನು ಮಂಗಳವಾರದ ಪುಟದ ಪಕ್ಕ ಇಟ್ಟುಕೊಂಡು ತುಂಬ ಹೊತ್ತು ನೋಡಿದರು. ಬಿತ್ತು, ಬಲೆಗೆ ಬಿತ್ತು, ಕೀಲಿಯಣ್ಣ, ನಿನ್ನ ಹೆಂಡತಿಗೆ ಹೇಳು ಒಲೆ ಹಚ್ಚಲಿ. ಇಷ್ಟೇ ಮೈಲಾರ್ಡ್, ನನ್ನ ವಿಚಾರಣೆ ಮುಗಿಯಿತು. ಕೂತೆ.

ಕೆಮ್ಮು ಸಾಹೇಬ ಎದ್ದ. ಸರ್ಕಾರಿ ವಕೀಲನಿಗೆ ವಕೀಲರ ಸಂಘದಲ್ಲಿ ನಾವಿಟ್ಟ ಹೆಸರು ಅದು, ಸಣ್ಣ ಪ್ರಶ್ನೆಗೆ ಸುಮ್ಮನಿರುತ್ತಾನೆ, ಕುತ್ತಿಗೆಗೆ ಬರುವ ಪ್ರಶ್ನೆಗೆ ಮುಂಚೆ ಒಂದು ಸಲ ಕೆಮ್ಮುತ್ತಾನೆ, ಪಾಟೀಸವಾಲು ಶುರು, ಯಜಮಾನ್ರೇ, ವಕೀಲೆಯವರು ನಿಮಗೆ ಏನಾಗಬೇಕು? ಮಗಳು. ಒಬ್ಬಳೇ ಮಗಳು? ಒಬ್ಬಳೇ. ತುಂಬ ಮುದ್ದು? ಮುದ್ದೇನು, ಜಗಳಗಂಟಿ. ಕೋಣೆ ನಕ್ಕಿತು, ನಾನೂ, ಕೆಮ್ಮು ಸಾಹೇಬನೂ, ಅವನ ನಗು ಬೇಗ ಮುಗಿಯಿತು. ನೀವು ಬಿಟ್ಟು ಎಂಟು ವರ್ಷ ಆಯಿತು, ಈಗಿನ ದಿನಚರಿಯಲ್ಲಿ ಏನು ನಡೆಯುತ್ತೆ ಅಂತ ನಿಮಗೇನು ಗೊತ್ತು? ಈಗ ಬರೆಯುವವನಿಗೆ ಕಲಿಸಿದ್ದು ನಾನೇ. ಖಾಲಿ ಜಾಗ ಬಿಡೋದು ಅಂದವಾಗಿ ಕಾಣಲಿ ಅಂತಾನೂ ಇರಬಹುದಲ್ಲ? ಅಪ್ಪ ನ್ಯಾಯಾಧೀಶರ ಮುಂದಿದ್ದ ತನ್ನ ಹಾಳೆಯ ಕಡೆ ನೋಡಿದ. ಕೆಮ್ಮಿದ. ಕೆಮ್ಮಿದ್ದು ಅಪ್ಪನಲ್ಲ, ಸಾಹೇಬ. ಬಂತು. ಮೂವತ್ತೊಂದು ವರ್ಷದಲ್ಲಿ ಆ ಖಾಲಿ ಜಾಗದಲ್ಲಿ ಸುಳ್ಳು ಬರೆದ ಒಂದೇ ಒಂದು ಉದಾಹರಣೆ ಕೊಡಿ ನೋಡೋಣ, ಒಂದು, ಇಲ್ಲದಿದ್ದರೆ ಇದು ಮಗಳಿಗೋಸ್ಕರ ಕಟ್ಟಿದ ಕಥೆ ಅಂತ ನಾನು ಹೇಳುತ್ತೇನೆ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು, ನೋಡಿ, ಇದಕ್ಕೆ ಉತ್ತರ ಕೊಟ್ಟರೆ ನಿಮ್ಮ ಮೇಲೇ ಬರಬಹುದು, ಬೇಡ ಅನ್ನೋ ಹಕ್ಕು ನಿಮಗಿದೆ. ಹೇಳು ಅಪ್ಪ ಆ ವಾಕ್ಯ, ಹತ್ತು ಸಲ ಹೇಳಿಸಿದ್ದೇನಲ್ಲ, ಉತ್ತರ ಕೊಡಲು ನನಗೆ ಇಷ್ಟವಿಲ್ಲ, ನಾಲ್ಕೇ ಪದ, ಹೇಳು — ಹೇಳಿದರೆ ಉದಾಹರಣೆ ಇಲ್ಲ, ಉದಾಹರಣೆ ಇಲ್ಲದಿದ್ದರೆ ಕಥೆ, ಕಥೆಯಾದರೆ ಏಳು ವರ್ಷ, ನಾನು ಎದ್ದಿದ್ದೇನೆ, ಯಾವಾಗ ಎದ್ದೆ, ಆಕ್ಷೇಪಣೆ ಎನ್ನಬೇಕು, ಬಾಯಿ ತೆರೆದಿದೆ, ಹಿಂದೆ ಬೆಂಚು ಕಿರ್ರೆನ್ನುತ್ತಿಲ್ಲ, ಬೇಡ ಅಪ್ಪ, ಹೇಳಬೇಡ, ಹೇಳು ಅಪ್ಪ, ಥೂ ನಾನು ಎಂಥ ಮಗಳು, ನನ್ನೊಳಗಿನ ವಕೀಲೆ ಕೈ ಜೋಡಿಸಿ ನಿಂತಿದ್ದಾಳೆ, ಹೇಳಲಿ ಹೇಳಲಿ ಅಂತ, ಅಮ್ಮನಿಗೆ ಏನು ಹೇಳಲಿ, ಅಪ್ಪ ನನ್ನ ಕಡೆ ನೋಡಿದ, ಎಡಗೈಯನ್ನು ಸ್ವಲ್ಪವೇ ಕೆಳಗೆ ಮಾಡಿದ, ಕೂತ್ಕೋ, ಊಟಕ್ಕೆ ಕೂರಿಸುವಾಗ ಮಾಡುವ ಹಾಗೆ, ನಾನು ಕೂತೆ. ಕೂತುಬಿಟ್ಟೆನಲ್ಲ.

ಕೊಡ್ತೀನಿ ಸ್ವಾಮಿ ಉದಾಹರಣೆ, ಅಂದ ಅಪ್ಪ, ಒಂದು ಸಲ, ಗಾರೆ ಕೆಲಸದ ಒಬ್ಬ, ನನಗಿಂತ ಚಿಕ್ಕವನು, ಬೆಳಗ್ಗೆ ಕರ್ಕೊಂಡು ಬಂದಿದ್ರು, ಮಧ್ಯಾಹ್ನ ಒಳಗೇ ಹೋಗಿಬಿಟ್ಟ, ಹೋಗಿಬಿಟ್ಟ ಅಂದರೆ ತೀರಿಕೊಂಡ, ಸಾಹೇಬರು ಬಂದು ಪುಟ ತೋರಿಸಿ ಇಲ್ಲಿ ಬರಿ ಅಂದರು, ನಾನು ಬರೆದೆ, ವೇಳೆ ಹನ್ನೊಂದೂ ನಲವತ್ತು, ವಿಚಾರಿಸಿ ಬಿಟ್ಟು ಕಳಿಸಲಾಯಿತು, ಆರೋಗ್ಯವಾಗಿ ನಡೆದುಕೊಂಡು ಹೋದ. ನಾಲ್ಕಕ್ಕೆ ಸರಿಯಾಗಿ ಹಿಡೀತು. ಬರೆದು ಮುಗಿಸಿ ತಲೆ ಎತ್ತಿದೆ, ಅವನ ಚಪ್ಪಲಿ ಬಾಗಿಲಲ್ಲೇ ಇತ್ತು. ಟೈಪಿಸ್ಟ್ ಹೆಂಗಸಿನ ಬೆರಳು ನಿಂತಿದೆ, ನ್ಯಾಯಾಧೀಶರು ಏನೋ ಹೇಳುತ್ತಿದ್ದಾರೆ, ಬರೆದುಕೊಳ್ಳಿ, ಪೂರ್ತಿ ಬರೆದುಕೊಳ್ಳಿ ಅನ್ನುತ್ತಿದ್ದಾರೆ, ಹಿಂದಿನ ಬೆಂಚಿನಲ್ಲಿ ಕೀಲಿಯಣ್ಣನ ಹೆಂಡತಿ ಬಿಕ್ಕಿದಳು, ಕೀಲಿಯಣ್ಣ ಬರುತ್ತಾನೆ, ಇವತ್ತಲ್ಲ ನಾಳೆ ಬಂದೇ ಬರುತ್ತಾನೆ, ಕೆಮ್ಮು ಸಾಹೇಬ ಪೊಲೀಸ್ ಅಧಿಕಾರಿಯ ಕಿವಿಯಲ್ಲಿ ಏನೋ ಹೇಳುತ್ತಿದ್ದಾನೆ, ಅಧಿಕಾರಿ ಅಪ್ಪನನ್ನೇ ನೋಡುತ್ತಿದ್ದಾನೆ, ಈ ಬಾಗಿಲಿನಿಂದ ಅಪ್ಪ ನನ್ನ ಜೊತೆ ಹೊರಗೆ ಬರುತ್ತಾನೋ ಅವರ ಜೊತೆಯೋ, ಜಾಮೀನು, ಅರ್ಜಿ, ಯಾವ ಕಲಮು, ನಾನೇ ವಾದಿಸಬಹುದೇ, ಯೋಚಿಸು, ಯೋಚಿಸೇ, ಆಗುತ್ತಿಲ್ಲ, ಚಪ್ಪಲಿ ಬಾಗಿಲಲ್ಲೇ ಇತ್ತು, ಗಾರೆ ಮೆತ್ತಿಕೊಂಡ ಅಂಚು, ಒಣಗಿ ಬಿರಿದ ಬಿಳಿ ಗಾರೆ, ಆಮೇಲೆ ಅದನ್ನು ಯಾರು ಎತ್ತಿಟ್ಟರು ಅಪ್ಪ, ಎಷ್ಟು ದಿನ ದಾಟಿಕೊಂಡು ಒಳಗೆ ಹೋದೆ ಕೆಲಸಕ್ಕೆ, ನಡೆದುಕೊಂಡು ಹೋದ, ಚಪ್ಪಲಿ ಬಾಗಿಲಲ್ಲೇ, ಹೊರಗೆ ಹೋಗುವವನಿಗೆ ಅನುಕೂಲವಾಗಲಿ ಅಂತ ಯಾರೂ ತಿರುಗಿಸಿಡಲಿಲ್ಲ, ಬಂದವನು ಹೇಗೆ ಬಿಟ್ಟನೋ ಹಾಗೇ, ಎರಡೂ ಚಪ್ಪಲಿಯ ಮೂತಿ ಒಳಗೆ, ಒಳಗೆ, ಒಳಗೇ ನೋಡುತ್ತ