ಎಂಟು ಸುತ್ತು

ಒಣಗಿದ ಕೆರೆಯಂಗಳದಲ್ಲಿ ನಾನು ಕಟ್ಟಿಸಿ ನಿಲ್ಲಿಸಿದ್ದ ಯುದ್ಧದ ಟ್ಯಾಂಕಿನ ನಳಿಗೆಯ ಮೇಲೆ ಆ ಬೆಳಿಗ್ಗೆ ಐದಾರು ಕಾಗೆಗಳು ಸಾಲಾಗಿ ಕೂತಿದ್ದವು. ದಫೇದಾರ್ ತಿರುಮಲಯ್ಯನವರು ಮೊದಲು ನೋಡಿದ್ದು ಟ್ಯಾಂಕನ್ನಲ್ಲ, ಆ ಕಾಗೆಗಳನ್ನು. ಬಹಳ ಹೊತ್ತು ನೋಡಿದರು. ಆಮೇಲೆ ಹತ್ತಿರ ಬಂದು ಟ್ಯಾಂಕಿನ ಪಕ್ಕೆಗೆ ಬೂಟುಗಾಲಿನಿಂದ ಒದ್ದರು. ಪ್ಲೈವುಡ್ಡು ಡಬ್ಬೆಂದಿತು. ಕಾಗೆಗಳು ಹಾರಿಹೋದವು.

“ಇದನ್ನ ಕಟ್ಟಿದ ಮಹಾನುಭಾವ ಯಾರು?”

ನಾನೇ ಎಂದೆ.

“ನೀರಿನ ಟ್ಯಾಂಕರಿಗೆ ಕೊಳವೆ ಸಿಕ್ಕಿಸಿ ನಿಲ್ಲಿಸಿದ್ದೀಯಲ್ಲ, ನಾಚಿಕೆ ಆಗಲ್ವಾ?”

ಇಡೀ ಸಿನಿಮಾ ಯೂನಿಟ್ಟು ನಕ್ಕಿತು. ಆ ನಗು ನಿಲ್ಲುವ ಮೊದಲೇ ನಾನು ಆ ಮುದುಕನನ್ನು ದ್ವೇಷಿಸತೊಡಗಿದ್ದೆ.

ಚಕ್ರಪಾಣಿಯವರು ನಿರ್ದೇಶಿಸುತ್ತಿದ್ದ ಯುದ್ಧದ ಚಿತ್ರಕ್ಕೆ ನಾನು ಕಲಾ ನಿರ್ದೇಶಕ. ಸ್ವತಂತ್ರವಾಗಿ ಕೆಲಸ ಮಾಡುತ್ತಿದ್ದ ಮೊದಲ ಚಿತ್ರ ಅದು. ಟ್ರ್ಯಾಕ್ಟರಿನ ಮೇಲೆ ಪ್ಲೈವುಡ್ಡು, ತಗಡು ಹೊದಿಸಿ, ಹಸಿರು ಬಳಿದು ಟ್ಯಾಂಕಿನ ಆಕಾರಕ್ಕೆ ತರಲು ಇಪ್ಪತ್ತು ದಿನ ಹಿಡಿದಿತ್ತು. ತಿರುಮಲಯ್ಯನವರು ಆ ಕೆರೆಯಿಂದ ನಾಲ್ಕೈದು ಮೈಲಿ ದೂರದ ಊರಿನವರು. ಸೈನ್ಯದಲ್ಲಿ ಟ್ಯಾಂಕಿನೊಳಗೆ ಕೂತು ಯುದ್ಧ ಮಾಡಿ, ದಫೇದಾರರಾಗಿ ನಿವೃತ್ತರಾದವರು. ಸಲಹೆ ಕೊಡಲಿ ಎಂದು ಚಕ್ರಪಾಣಿಯವರೇ ಕರೆಸಿದ್ದರು. ಅವರು ಬಂದದ್ದು ಮಾತ್ರ ಜಗಳಕ್ಕೆ.

ನಾಯಕ ಟ್ಯಾಂಕಿನ ಮೇಲೆ ಎದೆಮಟ್ಟ ಎದ್ದು ನಿಂತು ಭಾಷಣ ಮಾಡುವ ದೃಶ್ಯ ನಡೆಯುತ್ತಿದ್ದಾಗ ಕ್ಯಾಮೆರಾಕ್ಕೆ ಅಡ್ಡಲಾಗಿಯೇ ನಡೆದು ಬಂದರು. “ಹಿಂಗೆ ನಿಂತ್ರೆ ಎರಡನೇ ಮಾತಿಗೆ ಇವನಿಗೆ ತಲೆ ಇರಲ್ಲ. ಮೊದಲನೇ ಮಾತು ಎಂಜಿನ್ ಶಬ್ದದಲ್ಲಿ ಯಾರಿಗೂ ಕೇಳಲ್ಲ” ಎಂದರು. ನಟರ ಇಸ್ತ್ರಿ ಮಾಡಿದ ಬಟ್ಟೆ ಕಂಡು ಇನ್ನೂ ಕೆರಳಿದರು. “ಎಣ್ಣೆ ಎಲ್ಲಿ? ಬೆವರೆಲ್ಲಿ? ಖಾಲಿಯಾದ ಗುಂಡಿನ ಚಿಪ್ಪಲ್ಲೇ ಉಚ್ಚೆ ಹೊಯ್ಕೊಂಡು ದಿನಗಟ್ಟಲೆ ಒಳಗೆ ಕೂತಿರ್ತಿದ್ವಿ ನಾವು. ಇವರು ಮದುವೆಗೆ ಹೊರಟಂಗಿದಾರೆ!”

ಯಾರನ್ನು ಬೈದರೂ ಕೊನೆಗೆ ಅವರ ಕಣ್ಣು ಬಂದು ನಿಲ್ಲುತ್ತಿದ್ದದ್ದು ನನ್ನ ಮೇಲೆ. ಒಂದು ದಿನ ನನಗೂ ತಡೆಯಲಾಗಲಿಲ್ಲ.

“ದಫೇದಾರ್ರೇ, ಅಷ್ಟು ಗೊತ್ತಿದ್ರೆ ಅಳತೆ ಕೊಡಿ. ಕಬ್ಬಿಣದಲ್ಲೇ ಕಟ್ಟಿ ತೋರಿಸ್ತೀನಿ. ಆಮೇಲೆ ನೀವು ಒಂದೊಂದು ಸೀಟಲ್ಲೂ ಕೂತು, ಹೌದು ಇದೇ ಅಂತ ಎಲ್ಲರ ಮುಂದೆ ಒಪ್ಕೋಬೇಕು.”

“ಕಟ್ಟು ನೋಡೋಣ. ನಿನ್ನ ಕೈಲಾಗಲ್ಲ.”

ಟ್ಯಾಂಕಿನ ಒಳಗಿನ ದೃಶ್ಯಗಳಿಗೆ ಹೇಗೂ ಇನ್ನೊಂದು ಸೆಟ್ಟು ಬೇಕಿತ್ತು. ಊರಿನ ಕಮ್ಮಾರ ಕಾಳಾಚಾರಿಯನ್ನು ಕಟ್ಟಿಕೊಂಡು ನಾನು ಕೆಲಸಕ್ಕೆ ಇಳಿದೆ. ತಿರುಮಲಯ್ಯನವರು ಗೇಣು, ಬೆರಳುಗಳಲ್ಲಿ ಅಳತೆ ಹೇಳಿದರು, ಒಂದೂ ತಪ್ಪಿರಲಿಲ್ಲ. ನಳಿಗೆ ಹೊತ್ತ ಮೇಲಿನ ಗುಮ್ಮಟ, ಅಂದರೆ ಟರೆಟ್ಟು, ತಿರುಗಿದಾಗ ಅದರ ತಳದ ಚೌಕಟ್ಟೂ ತಿರುಗಬೇಕು. ಕರೆಂಟು ಹೋದರೆ ಗುಂಡು ಹಾರಿಸುವ ಗನ್ನರ್ ಕೈಯಲ್ಲೇ ತಿರುಗಿಸಲು ಒಂದು ಹಿಡಿ ಇರಬೇಕು. ಮುಂದುಗಡೆ ತಗ್ಗಿನಲ್ಲಿ ಡ್ರೈವರಿನ ಜಾಗ, ಅವನ ತಲೆಯ ಮೇಲೊಂದು ಕಬ್ಬಿಣದ ಮುಚ್ಚಳ. “ಅವನು ಕೂರಲ್ಲ, ಮಲಗಿದಂಗೆ ಇರ್ತಾನೆ” ಎಂದು ಹೇಳುವಾಗ ಮಾತ್ರ ಅವರು ಬೇರೆ ಕಡೆ ನೋಡುತ್ತಿದ್ದರು.

ಹದಿನೆಂಟು ದಿನಕ್ಕೆ ಅದು ಎದ್ದು ನಿಂತಿತು. ಅದರ ನಳಿಗೆಯ ಮೇಲೆ ಕಾಗೆಗಳು ಕೂರಲಿಲ್ಲ. ಕಬ್ಬಿಣ ಬಿಸಿಲಿಗೆ ಅಷ್ಟು ಕಾಯುತ್ತಿತ್ತು.

ಈ ನಡುವೆ ನಾನೊಂದು ಸಂಗತಿ ಗಮನಿಸಿದ್ದೆ. ನಳಿಗೆ ಬಗ್ಗಿಕೊಂಡು ಡ್ರೈವರಿನ ಮುಚ್ಚಳದ ಮೇಲೆ ನಿಂತರೆ ಸಾಕು, ತಿರುಮಲಯ್ಯನವರು ಎಲ್ಲಿದ್ದರೂ ಕೂಗುತ್ತಿದ್ದರು: “ನಳಿಗೆ ಸರಿಸ್ರೋ!” ಗನ್ನರನ ಸೀಟಿನಲ್ಲಿ ಕೂತು ನೋಡಿದರು, ಕಮಾಂಡರನ ಜಾಗದಲ್ಲಿ ನಿಂತು ನೋಡಿದರು. ಡ್ರೈವರಿನ ಜಾಗಕ್ಕೆ ಒಮ್ಮೆಯೂ ಇಳಿಯಲಿಲ್ಲ. ಈ ಮನುಷ್ಯನಿಗೆ ಭಯವಿದೆ ಎಂದು ನನಗೆ ಗೊತ್ತಾಯಿತು. ಯಾಕೆ ಎಂದು ತಿಳಿಯುವ ಗೋಜಿಗೆ ನಾನು ಹೋಗಲಿಲ್ಲ. ಭಯವಿದೆ ಎಂಬುದಷ್ಟೇ ನನಗೆ ಸಾಕಾಗಿತ್ತು.

ಸೆಟ್ಟು ಮುಗಿದ ಮಾರನೆಯ ದಿನ ಬಿಸಿಲೇರಿದ ಮೇಲೆ, ಯೂನಿಟ್ಟೆಲ್ಲ ಸೇರಿದ್ದಾಗ, ನಾನು ಗಟ್ಟಿಯಾಗಿ ಹೇಳಿದೆ: “ದಫೇದಾರ್ರೇ, ಡ್ರೈವರ್ ಸೀಟು ಬಾಕಿ ಉಳೀತು.”

ಅವರು ನನ್ನನ್ನೇ ನೋಡಿದರು.

“ಒಪ್ಕೊಂಡಿದ್ರಿ. ಇಲ್ಲಾ, ಹೆದರಿಕೆನಾ?”

ಯಾರೋ ಕಿಸಕ್ಕೆಂದರು. ತಿರುಮಲಯ್ಯನವರು ಟೋಪಿ ತೆಗೆದು ಕಾಳಾಚಾರಿಯ ಕೈಗೆ ಕೊಟ್ಟು ಒಳಗಿಳಿದರು. ನಾನು ಮುಚ್ಚಳ ಹಾಕಿದೆ. ಮೇಲೆ ಹತ್ತಿ, ಟರೆಟ್ಟಿನೊಳಗೆ ಇಳಿದು, ಹಿಡಿ ತಿರುಗಿಸಿ ನಳಿಗೆಯನ್ನು ಆ ಮುಚ್ಚಳದ ಮೇಲೆಯೇ, ಅದು ತೆರೆಯದಂತೆ, ತಂದು ನಿಲ್ಲಿಸಿದೆ. ತಳದ ಚೌಕಟ್ಟೂ ತಿರುಗಿ, ಒಳಗಿನಿಂದ ಹಿಂದಕ್ಕೆ ಬರುವ ದಾರಿ ಮುಚ್ಚಿಕೊಂಡಿತು.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಮೂರು ಬಡಿತ ಕೇಳಿತು. ಹೊರಗೆ ನಗು ಎದ್ದಿತು. ಮತ್ತೆ ಮೂರು. ಆಮೇಲೆ ಲೆಕ್ಕವಿಲ್ಲದೆ, ಎರಡೂ ಕೈಯಲ್ಲಿ ಬಡಿದಂತೆ. ಕಬ್ಬಿಣದ ಮೂಲಕ ಆ ಪೆಟ್ಟುಗಳು ನನ್ನ ಅಂಗಾಲಿಗೆ ಬರುತ್ತಿದ್ದವು. “ಸಾಕು ಬಿಡಯ್ಯ” ಎಂದು ಚಕ್ರಪಾಣಿಯವರು ಕೂಗಿದರು. ಇನ್ನೊಂದು ನಿಮಿಷ ಇರಲಿ ಎಂದುಕೊಂಡೆ. ಇಷ್ಟು ವರ್ಷಗಳ ಮೇಲೆ ಸುಳ್ಳೇಕೆ ಹೇಳಲಿ, ನನಗೆ ಖುಷಿಯಾಗಿತ್ತು.

ಆಮೇಲೆ ಬಡಿತ ನಿಂತಿತು.

ನಾನು ಹಿಡಿ ತಿರುಗಿಸಲು ಹೋದೆ. ಅದು ಅಲುಗಲಿಲ್ಲ. ಹಲ್ಲುಗಾಲಿ ಎಲ್ಲೋ ಕಚ್ಚಿಕೊಂಡಿತ್ತು. “ದಫೇದಾರ್ರೇ!” ಎಂದು ಕೂಗಿದೆ. ಕಾಳಾಚಾರಿ ಸುತ್ತಿಗೆ ಹಿಡಿದು ಬಂದು ಹಲ್ಲುಗಾಲಿಯನ್ನು ಬಿಡಿಸಿದ. ನಾಲ್ಕು ಜನ ಆ ಸುಡುವ ನಳಿಗೆಗೆ ಗೋಣಿ ಸುತ್ತಿ, ಹೆಗಲು ಕೊಟ್ಟು ಸರಿಸಿದರು. ನಾನು ಮುಚ್ಚಳ ಎತ್ತಿದೆ.

ಅವರು ಕಣ್ಣು ತೆರೆದುಕೊಂಡೇ ಇದ್ದರು. ಅಂಗಿಯೆಲ್ಲ ಒದ್ದೆ. ಎರಡೂ ಕೈಯ ಗೆಣ್ಣುಗಳು ಸುಲಿದು ರಕ್ತ ಬರುತ್ತಿತ್ತು. ಕೆನ್ನೆಗೆ ಹೊಡೆಯುತ್ತಾರೆಂದು ನಾನು ಮುಖ ಮುಂದೆ ಮಾಡಿಯೇ ನಿಂತಿದ್ದೆ. ಅವರು ಹೇಳಿದ್ದು ಒಂದೇ ಮಾತು.

“ಸರಿಯಾಗಿದೆ. ಇದೇ.”

ಅವರನ್ನು ಎತ್ತಿ ಟ್ಯಾಂಕಿನ ನೆರಳಿನಲ್ಲಿ ಕೂರಿಸಿದೆವು. ನೀರು ಕೊಟ್ಟರೆ ಮುಟ್ಟಲಿಲ್ಲ. ಯಾರೂ ಕೇಳದಿದ್ದರೂ, ಯಾರನ್ನೂ ನೋಡದೆ ಹೇಳಿದರು:

“ನಾನು ಗನ್ನರ್. ಕೆಳಗೆ ಡ್ರೈವರು ಅಂತೋಣಿ ಅಂತ. ನಮಗೆ ಏಟು ಬಿದ್ದಾಗ ನಳಿಗೆ ಹಿಂಗೇ ಅವನ ಮುಚ್ಚಳದ ಮೇಲೆ ನಿಂತಿತ್ತು. ಕರೆಂಟು ಹೋಯ್ತು, ಒಳಗೆ ಬೆಂಕಿ. ಅವನು ಕೆಳಗಿಂದ ಬಡಿದ. ಇಪ್ಪತ್ತು ಸುತ್ತು ತಿರುಗಿಸಿದ್ರೆ ಮುಚ್ಚಳ ತೆರೀತಿತ್ತು. ನಾನು ಎಂಟು ಸುತ್ತು ತಿರುಗಿಸ್ದೆ. ಆಮೇಲೆ ಹೊರಕ್ಕೆ ಹಾರ್ಕೊಂಡೆ.” ಸುಲಿದ ಗೆಣ್ಣುಗಳನ್ನು ಅಂಗಿಗೆ ಒರೆಸಿಕೊಂಡರು. “ಮತ್ತೆ ಆ ಟ್ಯಾಂಕಿನ ಹತ್ತಿರ ಹೋಗಕ್ಕೆ ಮೂರು ದಿನ ಆಯ್ತು. ಅಷ್ಟೊತ್ತಿಗೆ ನಳಿಗೆ ಮೇಲೆ ಕಾಗೆ ಕೂತಿದ್ವು. ಆ ಬಡಿತ ಮೇಲಿಂದ ಹೆಂಗೆ ಕೇಳುತ್ತೆ ಅಂತ ನಂಗೆ ಗೊತ್ತಿತ್ತು. ಕೆಳಗಿಂದ ಹೆಂಗಿರುತ್ತೆ ಅಂತ ಇವತ್ತು ಗೊತ್ತಾಯ್ತು.”

ಚಕ್ರಪಾಣಿಯವರು ಅವರ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಮೆಲ್ಲಗೆ, “ದಫೇದಾರ್ರೇ, ಇದೇ ನಮ್ಮ ಕ್ಲೈಮ್ಯಾಕ್ಸು” ಎಂದರು.

ತಿರುಮಲಯ್ಯನವರು ಅವರ ಕಾಲ ಬಳಿ ಉಗಿದು ಎದ್ದರು.

ಚಕ್ರಪಾಣಿಯವರು ಬಿಡಲಿಲ್ಲ. ಚಿತ್ರದಲ್ಲಿ ಆ ದೃಶ್ಯ ಇದೆ. ನಾಯಕ ಉರಿಯುವ ಟ್ಯಾಂಕಿನಲ್ಲಿ ಕೂತು ಹಿಡಿ ತಿರುಗಿಸುತ್ತಾನೆ, ಮುಚ್ಚಳ ತೆರೆಯುತ್ತದೆ, ಡ್ರೈವರನ್ನು ಹೊತ್ತು ಹೊರಬರುತ್ತಾನೆ. ಸೆಟ್ಟು ತುಂಬ ನೈಜವಾಗಿದೆ ಎಂದು ಪತ್ರಿಕೆಗಳು ನನ್ನನ್ನು ಹೊಗಳಿದವು. ಥಿಯೇಟರಿನಲ್ಲಿ ನಾನು ಸುತ್ತುಗಳನ್ನು ಎಣಿಸಿದೆ. ಸರಿಯಾಗಿ ಇಪ್ಪತ್ತು. ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಹೊರಗೆ ಬಂದೆ. ಬೇರೆ ಕೆಲಸ ಗೊತ್ತಿಲ್ಲದ್ದರಿಂದ ಆಮೇಲೂ ಸಿನಿಮಾಗಳಿಗೆ ಸೆಟ್ಟು ಹಾಕಿದೆ. ಯುದ್ಧದ ಚಿತ್ರ ಮಾತ್ರ ಮತ್ತೆ ಒಪ್ಪಿಕೊಳ್ಳಲಿಲ್ಲ.

ಆ ದಿನ ತಿರುಮಲಯ್ಯನವರು ಕೆರೆಯಂಗಳ ದಾಟಿ ರಸ್ತೆಗೆ ನಡೆದಾಗ ನಾನು ಹಿಂದೆಯೇ ಹೋದೆ. ಊರಿಗೆ ಹೋಗುವ ಬಸ್ಸಿಗಾಗಿ ಅವರು ಮೈಲಿಗಲ್ಲಿನ ಪಕ್ಕ ನಿಂತರು.

“ಕ್ಷಮಿಸಿ” ಎಂದೆ.

“ಯಾಕೆ? ಬೇಕಂತಲೇ ತಾನೆ ಮಾಡಿದ್ದು?”

ಹೌದು ಎಂದೆ.

“ನಾನು ಬೇಕಂತ ಮಾಡಿರಲಿಲ್ಲ. ನಂಗೇ ಸಿಕ್ಕಿಲ್ಲ ಕ್ಷಮೆ. ನಿಂಗೆಲ್ಲಿಂದ ತಂದು ಕೊಡಲಿ?”

ಬಸ್ಸು ಬಂತು. ಒಳಗೆ ಬೇಕಾದಷ್ಟು ಜಾಗವಿತ್ತು. ಅವರು ಬಾಗಿಲ ಪಕ್ಕದ ಸೀಟಿನಲ್ಲಿ ಕೂತರು. ಕಂಡಕ್ಟರು ಬಾಗಿಲು ಎಳೆಯಲು ಬಂದಾಗ ಬೂಟುಗಾಲನ್ನು ಅಡ್ಡವಿಟ್ಟು ಏನೋ ಹೇಳಿದರು. ಅವನು ಹಿಂದಕ್ಕೆ ಸರಿದ. ಬಸ್ಸು ಹೊರಟಿತು. ದೂರದ ತಿರುವಿನಲ್ಲಿ ಅದು ಮರೆಯಾಗುವವರೆಗೂ ಬಾಗಿಲು ತೆರೆದೇ ಇತ್ತು. ರಸ್ತೆಯ ಧೂಳೆಲ್ಲ ಒಳಕ್ಕೆ ನುಗ್ಗುತ್ತಿತ್ತು.