ಹೂ ಬಿಟ್ಟ ತಪ್ಪಿಗೆ

ಯಮುನಳ ಅಂಗಳದಲ್ಲಿ ದಾಸವಾಳ ಹೂ ಬಿಟ್ಟದ್ದೇ ತಡ, ಪಕ್ಕದ ಮನೆಯ ನಿಂಗಮ್ಮನಿಗೆ ಅನ್ನ ಸೇರದಾಯಿತು. ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲದ ಒಂದು ಕೆಟ್ಟ ಬೇಸಿಗೆ ಅದು. ಕುಶಾಲನಗರದಾಚೆ ದಿಣ್ಣೆಯ ಮೇಲೆ, ಹಾಸನದ ಕಡೆಯಿಂದ ಬಂದು ನೆಲೆಸಿದವರ ಕೇರಿಯಲ್ಲಿ ಕನಕಾಂಬರ ಕೂಡ ಕಡ್ಡಿಯಾಗಿತ್ತು. ಇದ್ದದ್ದು ಒಂದೇ ಬಾವಿ. ಮಳೆ ಬರುವ ತನಕ ಗಿಡಗಳಿಗೆ ಅದರ ನೀರು ಹಾಕಕೂಡದು, ಹಾಕಿದ ಮನೆಗೆ ಸೇದುವ ಹಗ್ಗವಿಲ್ಲ ಎಂದು ಕೇರಿಯವರೆಲ್ಲ ಸೇರಿ ಕಟ್ಟು ಮಾಡಿದ್ದರು. ಹಗ್ಗ ನಿಂಗಮ್ಮನ ಗಂಡ ಸಣ್ಣಸ್ವಾಮಿಯ ವಶದಲ್ಲಿತ್ತು. ಹಾಗಿರುವಾಗ ಯಮುನಳೊಬ್ಬಳ ಮನೆಯಲ್ಲಿ ಹೂವು ಹೇಗೆ?

ಯಮುನ ಭಾಗಮಂಡಲದ ಕಡೆಯವಳು. ಗಂಡ ಉತ್ತಯ್ಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಭಾನುವಾರಕ್ಕೊಮ್ಮೆ ಬರುವವನು. ಮಳೆಯಲ್ಲೇ ಹುಟ್ಟಿ ಬೆಳೆದವಳಿಗೆ ಬಿಸಿಲಲ್ಲಿ ಗಿಡ ಉಳಿಸುವುದು ಎಲ್ಲಿಂದ ಗೊತ್ತಾಗಬೇಕು? ಅಂಗಳ ನೋಡಿದರಂತೂ ಅನುಮಾನ ಇಮ್ಮಡಿಯಾಗುತ್ತಿತ್ತು. ನಿಂಗಮ್ಮನದು ಒಂದು ಕಡ್ಡಿಯೂ ಇಲ್ಲದಂತೆ ಗುಡಿಸಿದ ನೆಲ. ಬೆಳಗಾದರೆ ಒಂದು ಕೊಡ ನೀರಿಗೆ ಸಗಣಿ ಕದಡಿ ಥಳಿ ಹಾಕಿ, ರಂಗೋಲಿ ಬಿಟ್ಟ ಮೇಲೇ ಅವಳ ಒಲೆ ಹೊತ್ತುವುದು. ಯಮುನಳ ಅಂಗಳದಲ್ಲಿ ಹೊಸ್ತಿಲ ಮುಂದಿನ ಮೊರದಗಲ ಜಾಗ ಬಿಟ್ಟರೆ ಉಳಿದದ್ದೆಲ್ಲ ತರಗೆಲೆ, ಎಸ್ಟೇಟಿನಿಂದ ತರಿಸಿದ ಕಾಫಿ ಸಿಪ್ಪೆ. ಏನನ್ನಾದರೂ ಮುಚ್ಚಿಡುವುದಕ್ಕಲ್ಲದೆ ಯಾರಾದರೂ ಮನೆ ಮುಂದೆ ಕಸ ಹರವಿಕೊಳ್ಳುತ್ತಾರೆಯೇ?

"ಮಟಮಟ ಮಧ್ಯಾಹ್ನ ನಾವೆಲ್ಲ ಒರಗಿರ್ತೀವಲ್ಲ, ಆವಾಗ ಸೇದ್ತಾಳೆ ಕಣ್ರೀ," ಎಂದಳು ನಿಂಗಮ್ಮ ಗಂಡನಿಗೆ. "ಮನೇಲಿ ಬೇರೆ ಹಗ್ಗ ಇಟ್ಕಂಡವ್ಳೆ."

"ನೀನು ಕಂಡಿದೀಯಾ?"

"ಕಾಣ್ಬೇಕಾ? ಗಿಡಾನೇ ಹೇಳ್ತಿಲ್ವಾ?"

ಸಣ್ಣಸ್ವಾಮಿ ಕೇಳಿಯೂ ಕೇಳದವನಂತೆ ಕೆಲವು ದಿನ ತಳ್ಳಿದ. ಬಾವಿಯ ನೀರು ಮಾತ್ರ ಇಳಿಯುತ್ತಲೇ ಹೋಯಿತು. ಅಷ್ಟರಲ್ಲಿ ನಿಂಗಮ್ಮ ಮನೆ ಮನೆಗೂ ಊದಿ ಬಂದಿದ್ದಳು. ಕೊನೆಗೆ ಕೇರಿಯವರು ಯಮುನಳನ್ನು ಕರೆಸಿ ಕೇಳಿದರು. "ಇಲ್ಲ, ನಾನು ಸೇದಿ ಹಾಕಿಲ್ಲ," ಎಂದಳು ಅವಳು. ಉಳಿದದ್ದನ್ನು ಯಾರೂ ಕೇಳಲಿಲ್ಲ, ನಂಬಲೂ ಇಲ್ಲ. ಮಾರನೆಯ ದಿನದಿಂದ ಅವಳಿಗೆ ಹಗ್ಗ ತಪ್ಪಿತು. ಕುಡಿಯುವ ನೀರಿಗೂ ಆ ಬಿಸಿಲಲ್ಲಿ ದಿಣ್ಣೆ ಇಳಿದು ಹೊಳೆಗೆ ಹೋಗಬೇಕಾಯಿತು.

ಈಗ ಒಣಗುತ್ತದೆ, ಆಗ ಒಣಗುತ್ತದೆ ಎಂದು ನಿಂಗಮ್ಮ ಕಾದಳು. ದಾಸವಾಳ ಒಣಗಲಿಲ್ಲ. ಇನ್ನೊಬ್ಬಳಾಗಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. ನಿಂಗಮ್ಮ ಇನ್ನಷ್ಟು ಕೆರಳಿದಳು. ಯಮುನ ಹೊಳೆಗೆ ಹೋದ ಹೊತ್ತು ನೋಡಿ ಆ ಅಂಗಳಕ್ಕೆ ನುಗ್ಗಿ ದಾಸವಾಳದ ಬುಡದ ಸಿಪ್ಪೆ ಕೆದಕಿದಳು. ಒಂದು ಚಪ್ಪಡಿ ಕಲ್ಲು. ಎತ್ತಿದರೆ, ಕತ್ತಿನವರೆಗೆ ಹೂತಿಟ್ಟ ಮಣ್ಣಿನ ಮಡಕೆ! ಮಾಟವಿರಬಹುದೇ? ಹೆದರುತ್ತಲೇ ಕೈ ಇಳಿಬಿಟ್ಟಳು. ಬೆರಳಿಗೆ ಬೆಳ್ಳಗಿನ ನೀರು ತಾಗಿತು, ಮೂಸಿದರೆ ಅಕ್ಕಿಯ ವಾಸನೆ.

"ಅಕ್ಕಿ ತೊಳೆದದ್ದು, ಅಕ್ಕ."

ಸೊಂಟದಲ್ಲಿ ಕೊಡ ಹೊತ್ತ ಯಮುನ ಬೆನ್ನ ಹಿಂದೆಯೇ ನಿಂತಿದ್ದಳು. ಬಿಸಿಲಿಗೆ ಮುಖ ಕೆಂಪಗಾಗಿತ್ತು.

"ಪಾತ್ರೆ ತೊಳೆದದ್ದು ಬಾಳೆಗೆ, ಮಿಂದದ್ದು ಬಸಳೆಗೆ. ಮಡಕೆ ಬೇರಿಗೆ ಬೇಕಾದಷ್ಟೇ ಒಸರ್ತದೆ. ಮೇಲೆ ಸಿಪ್ಪೆ ಇದ್ರೆ ಮಣ್ಣು ಕಾಯೂದಿಲ್ಲ. ನಮ್ಮ ಬೆಟ್ಟದಲ್ಲಿ ಎಷ್ಟು ಮಳೆ ಹೊಯ್ದರೂ ನೀರು ನಿಲ್ಲೂದಿಲ್ಲ, ಬೇಸಿಗೆಗೆ ಹೀಗೇ ಮಾಡೂದು."

"ಬಾವಿ ನೀರಲ್ವಾ ಹಂಗಾದ್ರೆ?" ನಿಂಗಮ್ಮ ಪಟ್ಟು ಬಿಡಲಿಲ್ಲ.

"ಮೊದಲು ಬಾವಿದೇ. ಈಗ ಹೊಳೇದು. ಯಾವುದಾದ್ರೂ ಮನೆ ಕೆಲಸ ಮುಗಿದು ಚೆಲ್ಲೂ ನೀರು." ಯಮುನ ಕೊಡ ಇಳಿಸಿದಳು. "ದಿನಾ ನಿಮ್ಮಂಗಳಕ್ಕೆ ಹೊಯ್ಯೂದು ಯಾವ ನೀರು, ಅಕ್ಕ?"

ಥಳಿ ನೀರೂ ನೀರೇ ಎಂದು ನಿಂಗಮ್ಮನಿಗೆ ಹೊಳೆದೇ ಇರಲಿಲ್ಲ. ಮುಖ ತೊಳೆದಷ್ಟೇ ಸಹಜವಾಗಿ ಕೇರಿಯ ಪ್ರತಿ ಮನೆಯೂ ಬೆಳಗೆದ್ದು ಒಂದು ಕೊಡವನ್ನು ಬೋಳು ನೆಲಕ್ಕೆ ಸುರಿಯುತ್ತಿತ್ತು. ಬಿಸಿಲೇರುವಷ್ಟರಲ್ಲಿ ಅದು ಆರಿಹೋಗುತ್ತಿತ್ತು. ನಾಚಿಕೆಯಿಂದ ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅಂದು ಸಂಜೆ ಬಾವಿಕಟ್ಟೆಯ ಮೇಲೆ ಎಲ್ಲರೆದುರು ಅವಳೇ ಬಾಯಿಬಿಟ್ಟಳು. "ಆವಮ್ಮ ಕದ್ದಿಲ್ಲ. ನಾನು ಕಾಣ್ದೇನೇ ಹೇಳ್ದೆ. ಬಾವಿ ಇಳಿಸ್ತಿರೋದು ನಮ್ಮ ಥಳಿ ಕಣ್ರವ್ವ." ಥಳಿ ಹಾಕದ ಮನೆಗೆ ಲಕ್ಷ್ಮಿ ಬರುತ್ತಾಳೆಯೇ ಎಂದು ಕೇರಿಯ ಹಿರಿಯಳು ಕಾಮಾಕ್ಷಮ್ಮ ಸಿಡುಕಿದಳು. ಸಣ್ಣಸ್ವಾಮಿ ಯಮುನಳಿಗೆ ಬರಲು ಹೇಳಿ ಕಳಿಸಿದ. ನಿಂಗಮ್ಮ ತನ್ನ ಸರದಿ ಬಿಟ್ಟುಕೊಟ್ಟು ಹಗ್ಗವನ್ನು ಅವಳ ಕೈಗಿಟ್ಟಳು.

ಯಮುನ ಸೇದಿ ಕೊಡ ತುಂಬಿದಳು. ಸೊಂಟಕ್ಕೇರಿಸುವ ಮೊದಲು ಅದನ್ನು ವಾಲಿಸಿ, ಎಷ್ಟು ನೀರು ಒಯ್ಯುತ್ತಿದ್ದೇನೆ ಎಂದು ಅಲ್ಲಿದ್ದ ಹೆಂಗಸರಿಗೆ ಒಬ್ಬೊಬ್ಬರಿಗೂ ತೋರಿಸಿದಳು. ಯಾರೂ ಕೇಳಿರಲಿಲ್ಲ.

"ಬ್ಯಾಡ ಕಣವ್ವ," ಎಂದಳು ನಿಂಗಮ್ಮ.

ಯಮುನ ಅವಳಿಗೂ ತೋರಿಸಿಯೇ ಹೋದಳು. ಮಾರನೆಯ ದಿನವೂ ತೋರಿಸಿದಳು. ಮಳೆ ಹಿಡಿದು ಬಾವಿ ಕಟ್ಟೆಯವರೆಗೆ ತುಂಬಿದ ಮೇಲೂ ತೋರಿಸುತ್ತಿದ್ದಳು.